ಮೂಸ್ ಪರವಾನಗಿ ವಾಪಸು ಕೊಡಲು ಹೋದ ಮದುಮಗಳು

ಪುರಸಭೆಯ ಕಚೇರಿಯಲ್ಲಿ ಲೂಡಿವಿನ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಾಗದವನ್ನು ಎರಡನೆಯ ಸಲ ಓದಿದಳು. ಬೇಟೆಯ ಮತ್ತು ಮೀನುಗಾರಿಕೆಯ ಪರವಾನಗಿಗಳನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ವಾಪಸು ಕೊಡಬಹುದು ಎಂದು ರಾಜಧಾನಿಯ ಇಲಾಖೆಯವರು ಅಚ್ಚು ಹಾಕಿಸಿ ಕಳಿಸಿದ ಕಾಗದ ಅದು. ಕೌಂಟರಿನ ಈಚೆ ಓಡಿಲ್ ಸೋಸಿಯೆ ಉಸಿರು ಬಿಗಿಹಿಡಿದು ನಿಂತಿದ್ದಳು.

"ಪರವಾನಗಿದಾರರು ಸತ್ತಿದ್ರೆ ವಾಪಸ್ ತಗೋತೀವಿ. ನೀನು ಸತ್ತಿಲ್ಲ."

"ಇಲ್ಲ."

"ಸೈನ್ಯದಿಂದ ಕರೆ ಬಂದಿದ್ರೆ ತಗೋತೀವಿ. ಬಂದಿದ್ಯಾ?"

"ಅರವತ್ತೇಳು ವಯಸ್ಸಿಗೆ ನನ್ನನ್ನ ಯಾವ ಸೈನ್ಯ ಕರೆಯುತ್ತೆ ಲೂಡಿ?"

"ಕೇಳೋದು ನನ್ನ ಕೆಲಸ, ಕೇಳ್ದೆ. ಒಂದೇ ಪರವಾನಗೀನ ತಪ್ಪಿ ಎರಡು ಸಲ ಕೊಂಡಿದ್ರೆ ಒಂದನ್ನ ತಗೋತೀವಿ. ಕಾಯಿಲೆ ಬಿದ್ದು, ಡಾಕ್ಟ್ರ ಕಾಗದ ಇದ್ರೆ ತಗೋತೀವಿ. ಅಷ್ಟೇ."

"ಮದುವೆ?"

"ಮದುವೆ ಇಲ್ಲ."

"ಸರಿಯಾಗಿ ನೋಡೇ. ಸಾವಿಗೂ ಸೈನ್ಯಕ್ಕೂ ನಡುವೆ ಎಲ್ಲಾದ್ರೂ ಇರುತ್ತೆ."

ಲೂಡಿವಿನ್ ನಿಜವಾಗಿಯೂ ನೋಡಿದಳು. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳು, ಯಾರೇ ಕೇಳಲಿ, ಪೂರ್ತಿ ನೋಡದೆ ಇಲ್ಲ ಅನ್ನುವವಳಲ್ಲ. ಕಾಗದ ತಿರುಗಿಸಿದಳು, ಅಡಿಟಿಪ್ಪಣಿ ಓದಿದಳು, ತಲೆಯಾಡಿಸಿದಳು.

"ಮದುವೆಗೂ ಸೈನ್ಯಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ನಮ್ಮ ಯಜಮಾನ್ರು ಹೇಳ್ತಾ ಇರ್ತಾರೆ. ಆದ್ರೆ ಇಲಾಖೆ ಒಪ್ಪಲ್ಲ ಕಣೇ."

ಓಡಿಲ್‌ಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಕೈಯಲ್ಲಿ ಇದ್ದದ್ದು ಮೂಸ್ ಪರವಾನಗಿ. ಮೂಸ್ ಅಂದರೆ ಕಡವೆಯ ಜಾತಿಯದೇ. ಆದರೆ ಕುದುರೆಗಿಂತ ಎತ್ತರ, ಎರಡು ಸಲಿಕೆಗಳನ್ನು ತಲೆಗೆ ಕಟ್ಟಿಕೊಂಡಂತೆ ಕೊಂಬು, ಮುಖ ಮಾತ್ರ ಸಾಲ ಕೇಳಲು ಬಂದ ನೆಂಟನದು. ಲಾಪ್ವಾಂತ್‌ನಂಥ ಊರಿನಲ್ಲಿ, ನದಿಯಾಚೆ ಕೆನಡಾ ಕಾಣುವ ಆ ಬಡಗಣ ಮೂಲೆಯಲ್ಲಿ, ಒಂದು ಮೂಸ್ ಬಿದ್ದರೆ ಆರು ಮನೆಗೆ ಚಳಿಗಾಲ ಪೂರ್ತಿ ಮಾಂಸ. ಹೊಡೆಯಲು ಮಾತ್ರ ಚೀಟಿ ಎತ್ತಿ ಗೆಲ್ಲಬೇಕು. ಸೋತವರಿಗೆ ವರ್ಷಕ್ಕೊಂದು ಅಂಕ. ಅಂಕ ಹೆಚ್ಚಿದಷ್ಟೂ ಚೀಟಿ ಹೆಚ್ಚು. ಓಡಿಲ್ ಇಪ್ಪತ್ತೆಂಟು ವರ್ಷ ಸೋತಿದ್ದಳು. ಅಷ್ಟು ವರ್ಷವೂ ಗೆದ್ದವರ ಹಿಂದೆ ಕಾಡಿಗೆ ಹೋಗಿ, ಅವರಿಗೆ ಸೂಪು ಕಾಸಿ, ಅವರು ಹೊಡೆದದ್ದನ್ನು ಹಗ್ಗ ಕಟ್ಟಿ ಎಳೆದು, ಕೊನೆಗೆ ಅವರ ಫೋಟೊವನ್ನೂ ತಾನೇ ತೆಗೆದು ಬಂದಿದ್ದಳು. ಹೋದ ಜೂನ್‌ನಲ್ಲಿ ಸಭಾಭವನದಲ್ಲಿ ಹೆಸರು ಓದುವಾಗ "ಓಡಿಲ್ ಸೋಸಿಯೆ" ಎಂದು ಕೂಗಿದ್ದೇ ತಡ, ಅವಳು ಎದ್ದು ಮುಂದಿನ ಸಾಲಿನಲ್ಲಿದ್ದ ಪಾದ್ರಿಯ ಬೋಳುತಲೆಗೆ ಮುತ್ತಿಟ್ಟಿದ್ದಳು.

ಗೆದ್ದವರ ಅಂಕಗಳೆಲ್ಲ ಸೊನ್ನೆಯಾಗುತ್ತವೆ. ಗೆದ್ದು, ಬೇಟೆಗೆ ಹೋಗದೆ ಕೂತರೂ ಸೊನ್ನೆಯೇ. ಮತ್ತೆ ಇಪ್ಪತ್ತೆಂಟು ವರ್ಷ ಕಾಯಲು ಅವಳು ತೊಂಬತ್ತೈದರವರೆಗೆ ಗಟ್ಟಿಯಾಗಿರಬೇಕು. ಕಾರಣ ತೋರಿಸಿ ವಾಪಸು ಕೊಟ್ಟರೆ ಮಾತ್ರ ಅಂಕಗಳೂ ವಾಪಸು ಬರುತ್ತವೆ. ಅವಳಿಗೆ ಬೇಕಾಗಿದ್ದದ್ದು ಅದು.

ಇಷ್ಟಕ್ಕೆಲ್ಲ ಕಾರಣ ತಿಮಿಂಗಿಲ.

ಮದುಮಗ ಅಡೆಲಾರ್‌ಗೆ ಎಪ್ಪತ್ತು ವಯಸ್ಸು. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದ ಬ್ರಹ್ಮಚಾರಿ. ಅಷ್ಟೂ ವರ್ಷ ಹನ್ನೊಂದು ಮೈಲಿಯ ಅದೇ ರಸ್ತೆಯನ್ನು ಸುತ್ತಿ ಸುತ್ತಿ, ಭೂಮಿಗೆ ಐದು ಸುತ್ತು ಬರುವಷ್ಟು ದೂರ ಓಡಿಸಿ, ಒಂದು ಸಲವೂ ಸಮುದ್ರ ನೋಡಿರಲಿಲ್ಲ. ಓಡಿಲ್ ಶಾಲೆಯ ಅಡುಗೆಮನೆಯಲ್ಲಿದ್ದವಳು, ಹನ್ನೆರಡು ವರ್ಷದಿಂದ ವಿಧವೆ. ಇಬ್ಬರೂ ನಿವೃತ್ತರಾಗಿ, ದಿನಾ ಕಾಫಿಗೆ ಕೂತು, ಒಂದು ದಿನ ಅವನು ಕಪ್ಪಿನೊಳಕ್ಕೆ ನೋಡುತ್ತಾ ಮದುವೆಯ ಮಾತು ತೆಗೆದಿದ್ದ. ಸೆಪ್ಟೆಂಬರ್ ಕೊನೆಯ ಶನಿವಾರ ಮದುವೆಯೆಂದು ಗೊತ್ತಾಯಿತು. ನಿನ್ನೆ ಭಾನುವಾರ ಅವನು ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟು, ಅದರ ಪಕ್ಕ ತನ್ನ ಎರಡೂ ಕೈಗಳನ್ನು ಪರೀಕ್ಷೆಗೆ ಕೂತ ಹುಡುಗನಂತೆ ಜೋಡಿಸಿಟ್ಟು ಕೂತ. ಒಳಗೆ ಹಡಗಿನ ಎರಡು ಟಿಕೆಟ್. ಮದುವೆಯ ಮರುದಿನ ಹೊರಟು ಆರು ದಿನ, ಸಮುದ್ರ ಸೇರುವ ದೊಡ್ಡ ನದಿಯಲ್ಲಿ ತಿಮಿಂಗಿಲಗಳ ನಡುವೆ. ಆ ವರ್ಷದ ಕಡೆಯ ಪ್ರಯಾಣ ಅದು.

ಆ ಆರು ದಿನವೇ ಓಡಿಲ್‌ಳ ಬೇಟೆಯ ವಾರ.

ಅವನಿಗೆ ಗೊತ್ತಿರಲಿಲ್ಲ. ಗೊತ್ತಿರುವ ಹಾಗೂ ಇಲ್ಲ. ಸಭಾಭವನದಲ್ಲಿ ಓದುವುದು ಹೆಸರನ್ನು ಮಾತ್ರ. ಯಾವ ವಾರ, ಯಾವ ವಲಯ ಎಂಬುದು ಆಮೇಲೆ ಟಪಾಲಿನಲ್ಲಿ ಬರುತ್ತದೆ. ಅದನ್ನು ಲಾಪ್ವಾಂತ್‌ನಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಾಳೆ ನಿಮ್ಮ ಜವುಗಿನ ದಂಡೆಯಲ್ಲಿ ನಿಮಗಿಂತ ಮೊದಲು ಇನ್ನೊಬ್ಬರು ಕುರ್ಚಿ ಹಾಕಿ ಕೂತಿರುತ್ತಾರೆ. ಗಂಡನಿಗೂ ಹೇಳದ ಹೆಂಗಸರಿದ್ದಾರೆ; ಇನ್ನೂ ಗಂಡನಾಗದವನಿಗೆ ಯಾರು ಹೇಳುತ್ತಾರೆ? ಓಡಿಲ್ ಟಿಕೆಟ್ ನೋಡಿದಳು, ಅವನ ಮುಖ ನೋಡಿದಳು. ಆ ಮುಖಕ್ಕೆ "ಆಗಲ್ಲ" ಅನ್ನುವುದು ಅವಳಿಂದ ಆಗಲಿಲ್ಲ. "ಅಯ್ಯೋ, ತಿಮಿಂಗಿಲ!" ಎಂದು ಚಪ್ಪಾಳೆ ತಟ್ಟಿಬಿಟ್ಟಳು.

"ಶುಕ್ರವಾರ ನಾಲ್ಕು ಗಂಟೆ ಕಡೆ ಗಡುವು," ಎಂದಳು ಲೂಡಿವಿನ್. "ಆಮೇಲೆ ಚೀಲ ಕಟ್ಟಿ ರಾಜಧಾನಿಗೆ ಕಳಿಸ್ತೀನಿ. ನಿನ್ನ ಮಂಡಿ ಹೇಗಿದೆ?"

"ಯಾಕೆ? ಚೆನ್ನಾಗಿದೆ."

"ಆ ವರ್ಷ ಚರ್ಚಿನ ಮೆಟ್ಟಿಲ ಮೇಲೆ ಹಿಮದಲ್ಲಿ ಜಾರಿ ಬಿದ್ದಿದ್ಯಲ್ಲ. ನಾನೇನೂ ಹೇಳ್ತಿಲ್ಲ. ಕಾಯಿಲೆಗೆ ಡಾಕ್ಟ್ರ ಕಾಗದ ಬೇಕು ಅಂತ ಅಷ್ಟೇ ಹೇಳ್ತಿದೀನಿ."

ಓಡಿಲ್ ಹೊರಡುವಾಗ ಬಾಗಿಲವರೆಗೆ ನೆಟ್ಟಗೆ ನಡೆದಳು. ಬಾಗಿಲು ದಾಟಿದ ಮೇಲೆ ಸುಮ್ಮನೆ ನೋಡೋಣವೆಂದು ಸ್ವಲ್ಪ ಕುಂಟಿದಳು.

ಡಾಕ್ಟರ್ ನಡೋ ಚಿಕ್ಕಂದಿನಲ್ಲಿ ಅವಳ ಕೈಯಿಂದ ಬಟಾಣಿ ಸೂಪು ಕುಡಿದು ಬೆಳೆದವನು. ಊರಿನ ಮಕ್ಕಳೆಲ್ಲ ಅವಳನ್ನು ತಾಂತ್ ಓಡಿಲ್ ಎನ್ನುತ್ತಿದ್ದರು, ಅಂದರೆ ಅತ್ತೆ. ಡಾಕ್ಟರಾದ ಮೇಲೂ ಅವನಿಗೆ ಅವಳು ತಾಂತ್. ಮಂಗಳವಾರ ಅವಳು ಹೋದಾಗ ಅವನು ಮೀನಿನ ಗಾಳಗಳನ್ನು ಔಷಧಿಯ ಟ್ರೇಯಲ್ಲಿ ಸಾಲಾಗಿ ಜೋಡಿಸುತ್ತಿದ್ದ. ನಾಳೆಯಿಂದ ರಜ, ಮೂರು ದಿನ ಸರೋವರ.

"ಇಲ್ಲಿ ಒತ್ತಿದ್ರೆ ನೋವಾ ತಾಂತ್?"

"ನೀನು ಎಷ್ಟು ಒತ್ತುತ್ತೀಯೋ ಅಷ್ಟು."

"ಚಳಿಗಾಲದಲ್ಲಿ ಹಿಡ್ಕೊಳ್ಳುತ್ತಾ?"

"ಚಳಿಗಾಲದಲ್ಲಿ ಈ ಊರಲ್ಲಿ ಏನು ಹಿಡ್ಕೊಳ್ಳಲ್ಲ?"

ಅವನು ಗಡಿಯಾರ ನೋಡಿದ, ಗಾಳಗಳನ್ನು ನೋಡಿದ, ಬರೆದ: ನೋವಿಲ್ಲದೆ ಕಾಲು ಮೈಲಿಗಿಂತ ಹೆಚ್ಚು ನಡೆಯಲಾರರು, ಭಾರ ಎಳೆಯಲಾರರು, ಬೇಟೆಗೆ ಅಶಕ್ತರು. ಓಡಿಲ್ ಆ ಕಾಗದವನ್ನು ಪರವಾನಗಿಗೆ ಸೇರಿಸಿ ಲೂಡಿವಿನ್‌ಗೆ ಕೊಟ್ಟಳು. ಲೂಡಿವಿನ್ ಅದರ ಮೇಲೆ ಮುದ್ರೆ ಒತ್ತಿ ಚೀಲಕ್ಕೆ ಹಾಕಿದಳು. ಇಪ್ಪತ್ತೆಂಟು ಅಂಕ ಉಳಿಯಿತು, ತಿಮಿಂಗಿಲವೂ ಉಳಿಯಿತು ಎಂದುಕೊಂಡು ಓಡಿಲ್ ಆ ಸಂಜೆ ಒಬ್ಬಳೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು, ಪರದೆ ಎಳೆದುಕೊಂಡು.

ಬುಧವಾರ ಬೆಳಗ್ಗೆ ಎಂಟಕ್ಕೆಲ್ಲ ಊರಿಗೆ ಗೊತ್ತಾಗಿತ್ತು. ಮೂಸ್ ಪರವಾನಗಿಯನ್ನು ವಾಪಸು ಕೊಟ್ಟವಳೆಂದರೆ ಸಾಯುವ ಮಂಚದ ಮೇಲಿರಬೇಕು ಎಂದು ಲಾಪ್ವಾಂತ್ ತೀರ್ಮಾನಿಸಿತು. ಮಧ್ಯಾಹ್ನದೊಳಗೆ ಅವಳ ಜಗಲಿಯಲ್ಲಿ ನಾಲ್ಕು ಮಾಂಸದ ಕಡುಬು, ಎರಡು ಡಬರಿ ಸಾರು, ಒಂದು ಶಿಲುಬೆಯ ಚಿತ್ರ. ಓಡಿಲ್‌ಳಿಗೆ ಈಗ ಕುಂಟದೆ ಬೇರೆ ದಾರಿ ಇರಲಿಲ್ಲ. ಅಂಗಡಿಗೆ ಕುಂಟಿ ಹೋದಳು, ಕುಂಟಿ ಬಂದಳು. ಅಂಗಡಿಯೊಳಗೆ ಹಿಟ್ಟಿನ ಕಪಾಟಿನ ತುದಿಯಲ್ಲಿ ಫಿಲೊಮೆನ್ ಕೈಕಟ್ಟಿ ನಿಂತಿದ್ದಳು.

ಫಿಲೊಮೆನ್ ಮತ್ತು ಓಡಿಲ್ ಅಕ್ಕಪಕ್ಕದ ಆಲೂಗೆಡ್ಡೆ ಹೊಲಗಳಲ್ಲಿ ಬೆಳೆದವರು. ಅಂದಿನಿಂದ ಇಂದಿನವರೆಗೆ ಒಬ್ಬರನ್ನೊಬ್ಬರು ಒಂದು ಕ್ಷಣವೂ ಸುಮ್ಮನೆ ಬಿಟ್ಟವರಲ್ಲ.

"ಬೆಳಗ್ಗೆ ಟಪಾಲು ತಗೊಳೋಕೆ ಬಂದಾಗ ಬಲಗಾಲು ಕುಂಟ್ತಿತ್ತು," ಎಂದಳು ಫಿಲೊಮೆನ್. "ಈಗ ಎಡಗಾಲು. ಕುಂಟೋದಕ್ಕೂ ಪಾಳಿ ಇಟ್ಟಿದೀಯಾ?"

"ನೋವು ಓಡಾಡ್ತಿದೆ."

"ನೋವಾದ್ರೂ ಓಡಾಡ್ಲಿ ಬಿಡು, ಪಾಪ."

ಅಡೆಲಾರ್ ಎರಡು ದಿನ ಆಲೂಗೆಡ್ಡೆ ಯಂತ್ರ ರಿಪೇರಿಗೆಂದು ತಮ್ಮನ ಮನೆಗೆ ಹೋಗಿದ್ದ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅವನು ಗಾಲಿ ಕುರ್ಚಿಯೊಂದನ್ನು ತಳ್ಳಿಕೊಂಡು ಓಡಿಲ್‌ಳ ಅಂಗಳಕ್ಕೆ ಬಂದ. ಅವನ ಅಜ್ಜಿಯದು, ಒಂದು ಗಾಲಿ ಕಿರ್ರೆನ್ನುತ್ತಿತ್ತು. ಅಡುಗೆಮನೆಯಲ್ಲಿ ಓಡಿಲ್ ಪ್ಲೋಯ್ ಹುಯ್ಯುತ್ತಿದ್ದಳು, ಒಂದೇ ಬದಿ ಬೇಯಿಸಿದ, ಮೇಲೆಲ್ಲ ತೂತುತೂತಾದ ಹಳದಿ ದೋಸೆ. ಅವನನ್ನು ಕಂಡ ತಕ್ಷಣ ಸೌಟು ಬಿಟ್ಟು ಮಂಡಿ ಹಿಡಿದಳು.

"ಕೂತ್ಕೋ, ಕೂತ್ಕೋ!" ಅವನ ಕಣ್ಣು ಒದ್ದೆಯಾಗಿತ್ತು. "ನನಗ್ಯಾಕೆ ಫೋನ್ ಮಾಡ್ಲಿಲ್ಲ? ಇಷ್ಟು ನೋವಿಟ್ಕೊಂಡು ತಿಮಿಂಗಿಲ ಅಂತ ಚಪ್ಪಾಳೆ ತಟ್ಟಿದ್ಯಲ್ಲ, ನನ್ನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ! ಆ ಹಡಗಲ್ಲಿ ಏಣಿ ಮೆಟ್ಲಂತೆ ಓಡಿಲ್, ನಾನು ಚಿತ್ರದಲ್ಲಿ ನೋಡ್ದೆ. ನಿನಗಾಗಲ್ಲ. ಸಂಜೆ ಐದಕ್ಕೆ ಹಡಗಿನವ್ರಿಗೆ ಫೋನ್ ಮಾಡಿ ಬರಲ್ಲ ಅಂತೀನಿ. ದುಡ್ಡು ವಾಪಸ್ ಕೊಡಲ್ಲ ಅಂತಾರೆ, ಇಟ್ಕೊಳ್ಳಲಿ. ನಾವು ಇಲ್ಲೇ ಕಿಟಕಿ ಹತ್ರ ಕೂತ್ಕೊಳೋಣ. ನನಗೆ ಅಷ್ಟು ಸಾಕು."

ಕಾವಲಿಯ ಮೇಲೆ ಪ್ಲೋಯ್ ಸೀದುಹೋಯಿತು. ಮೂಸ್ ಕೊಟ್ಟು ತಿಮಿಂಗಿಲ ಉಳಿಸಿಕೊಂಡೆ ಎಂದುಕೊಂಡಿದ್ದವಳಿಗೆ ಈಗ ಎರಡೂ ಇಲ್ಲ, ಇರುವುದು ಕಿರ್ರೆನ್ನುವ ಕುರ್ಚಿ. ಅದಕ್ಕಿಂತ ಹೆಚ್ಚಾಗಿ, ಮೆಟ್ಟಿಲನ್ನು ಚಿತ್ರದಲ್ಲಿ ಹುಡುಕಿ ನೋಡಿದ ಈ ಮನುಷ್ಯನ ಎದುರು ಇನ್ನೊಂದು ಹೆಜ್ಜೆ ಕುಂಟಿದರೆ ತನ್ನ ಕಾಲು ನಿಜವಾಗಿ ಮುರಿದುಹೋಗಲಿ ಅನ್ನಿಸಿತು.

"ಅಡೆಲಾರ್," ಎಂದಳು. "ಮಂಡಿಗೇನೂ ಆಗಿಲ್ಲ."

ಎಲ್ಲ ಹೇಳಿದಳು. ವಾರ ಹೇಳಿದಳು, ಅಂಕ ಹೇಳಿದಳು, ಡಾಕ್ಟರನ ಕಾಗದ ಹೇಳಿದಳು. ಅವನು ಗಾಲಿ ಕುರ್ಚಿಯಲ್ಲಿ ತಾನೇ ಕುಸಿದು ಕೂತು ಕೇಳಿದ. ಕೇಳಿ ಮುಗಿದ ಮೇಲೆ ಕುರ್ಚಿಯ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಕಿರ್ರೆನಿಸಿದ.

"ಮೂವತ್ತನಾಲ್ಕು ವರ್ಷ ಬಸ್ಸಲ್ಲಿ ಮಕ್ಕಳು ನನಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದಾರೆ," ಎಂದ ಕೊನೆಗೆ. "ಅವ್ರೆಲ್ಲ ನಿನಗಿಂತ ಚೆನ್ನಾಗಿ ಹೇಳ್ತಿದ್ರು. ಮೂಸ್ ಬೇಕು ಅಂದಿದ್ರೆ ನನಗೆ ಅರ್ಥ ಆಗ್ತಿತ್ತು ಕಣೇ. ನನ್ನ ಹತ್ರ ಕುಂಟಿದ್ದು ಅರ್ಥ ಆಗಲ್ಲ."

"ಇನ್ನು ಕುಂಟಲ್ಲ."

"ಸೀದಿದ್ದನ್ನ ತೆಗೆದು ಬೇರೆ ಹುಯ್ಯಿ. ಆ ನಿಯಮದ ಕಾಗದ ಎಲ್ಲಿದೆ?"

ಅಡೆಲಾರ್ ಸಿಕ್ಕಿದ್ದನ್ನೆಲ್ಲ ಓದುವ ಮನುಷ್ಯ. ಜೋಳದ ಡಬ್ಬದ ಹಿಂಬದಿಯನ್ನೂ ಬಿಟ್ಟವನಲ್ಲ. ಮೂರು ಪ್ಲೋಯ್‌ಗೆ ಬೆಣ್ಣೆ ಸವರಿ ಮೇಪಲ್ ಪಾಕ ಸುರಿದು ಸುತ್ತಿ ತಿನ್ನುತ್ತಾ, ಲೂಡಿವಿನ್ ಕೊಟ್ಟು ಕಳಿಸಿದ್ದ ಆ ಕಾಗದದ ಪ್ರತಿಯ ಎರಡೂ ಮಗ್ಗುಲು ಓದಿದ. ನಾಲ್ಕನೆಯದನ್ನು ಬಾಯಿಗೆ ಇಡುವಾಗ ಕೈ ನಿಂತಿತು. "ವಾಪಸ್ಸಿಗೆ ಕಾರಣ ಬೇಕು. ಅದಲು ಬದಲಿಗೆ ಬೇಡ! ಇಲ್ನೋಡು, ಪರವಾನಗಿ ಇರೋ ಇಬ್ರು ಒಪ್ಪಿ ಸಹಿ ಹಾಕಿದ್ರೆ ವಾರ ಬದಲಾಯಿಸ್ಕೋಬಹುದು. ಇವತ್ತು ನಾಲ್ಕರ ಒಳಗೆ. ನಿನ್ನದು ಇನ್ನೂ ಲೂಡಿವಿನ್ ಚೀಲ ಬಿಟ್ಟು ಹೋಗಿಲ್ಲ. ಈ ಸಲ ಊರಲ್ಲಿ ಇನ್ಯಾರಿಗೆ ಬಂದಿದೆ?"

ಓಡಿಲ್ ನಿಟ್ಟುಸಿರು ಬಿಟ್ಟಳು. "ಫಿಲೊಮೆನ್‌ಗೆ."

ಒಂದೂಕಾಲಿಗೆ ಫಿಲೊಮೆನ್ ತನ್ನ ಜಗಲಿಯಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ಅವಳದು ಅಕ್ಟೋಬರ್ ಮೂರನೆಯ ವಾರ. ಆಗ ಗಂಡು ಮೂಸ್‌ಗಳ ಮದ ಇಳಿದು, ಎಷ್ಟು ಕೂಗಿ ಕರೆದರೂ ಬರದೆ ಮರಗಳ ಹಿಂದೆ ನಿದ್ದೆ ಮಾಡುವ ಕಾಲ. ಓಡಿಲ್‌ಳ ವಾರವೋ, ಕೂಗಿದರೆ ಮರ ಮುರಿದುಕೊಂಡು ಓಡಿಬರುವ ವಾರ. ಓಡಿಲ್ ಮಾತು ಮುಗಿಸುವಷ್ಟರಲ್ಲಿ ಫಿಲೊಮೆನ್‌ಳ ಕೈಯಿಂದ ಬೀನ್ಸ್ ಕೆಳಗೆ ಬಿತ್ತು. ಮುಖ ಮಾತ್ರ ಅಲ್ಲಾಡಲಿಲ್ಲ.

"ಯೋಚನೆ ಮಾಡ್ಬೇಕಪ್ಪ. ಮೂರನೇ ವಾರ ನನಗೆ ತಂಪಾಗಿ ಚೆನ್ನಾಗಿದೆ."

"ತಂಪು ಬೇಕಾದ್ರೆ ಫ್ರಿಜ್ ಬಾಗ್ಲು ತೆಕ್ಕೊಂಡು ಕೂತ್ಕೋ. ಗಡುವಿಗೆ ಇನ್ನು ಎರಡೂವರೆ ಗಂಟೆ ಅಷ್ಟೇ ಇದೆ ಫಿಲೊ. ಏನು ಬೇಕು ಹೇಳು."

ಫಿಲೊಮೆನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅವಳಿಗೆ ಏನು ಬೇಕು ಎಂಬುದು ಮೂವತ್ತೊಂದು ವರ್ಷದಿಂದ ಸಿದ್ಧವಾಗಿತ್ತು. ಆ ವರ್ಷ ಚರ್ಚಿನ ವನಭೋಜನದಲ್ಲಿ ಹೆಂಗಸರಿಗೆ ಮೂಸ್ ಕೂಗುವ ಪಂದ್ಯ ಇಟ್ಟಿದ್ದರು. ಬಹುಮಾನ ಒಂದು ಹಂದಿ ತೊಡೆ. ಗೆದ್ದವಳು ಓಡಿಲ್.

"ಲೂಡಿವಿನ್ ಎದುರಿಗೆ, ಗಟ್ಟಿಯಾಗಿ ಹೇಳ್ಬೇಕು. ಫಿಲೊಮೆನ್ ನನಗಿಂತ ಚೆನ್ನಾಗಿ ಕೂಗ್ತಾಳೆ, ಅವತ್ತೂ ಚೆನ್ನಾಗಿ ಕೂಗಿದ್ಳು ಅಂತ."

"ಹಂದಿ ತೊಡೆ ಬೇಕಾದ್ರೆ ಎರಡು ಕೊಡ್ತೀನಿ."

"ಹಂದಿ ತೊಡೆ ನನ್ನ ಹತ್ರಾನೇ ಇದೆ."

ಓಡಿಲ್ ಕಣ್ಣು ಮುಚ್ಚಿದಳು. ಇಪ್ಪತ್ತೆಂಟು ವರ್ಷ ಕಣ್ಣ ಮುಂದೆ ಬಂತು, ಏಣಿ ಮೆಟ್ಟಿಲ ಹಡಗು ಬಂತು. "ಸರಿ," ಎಂದಳು.

ಎರಡು ಗಂಟೆಗೆ ಮೂವರೂ ಕಚೇರಿಯಲ್ಲಿದ್ದರು. ಲೂಡಿವಿನ್ ಅದಲು ಬದಲಿನ ಅರ್ಜಿ ತೆಗೆದಳು, ಇಬ್ಬರ ಹೆಸರು ಬರೆದಳು, ಮೂರನೆಯ ಸಾಲಿಗೆ ಬಂದು ಪೆನ್ನು ಕೆಳಗಿಟ್ಟಳು.

"ಇಬ್ಬರೂ ಬೇಟೆಗೆ ಶಕ್ತರಾಗಿರಬೇಕು ಅಂತಿದೆ. ನೀನು ಅಶಕ್ತೆ. ಚೀಲದಲ್ಲಿದೆ ಕಾಗದ."

"ತೆಗೆದು ಹರಿದು ಹಾಕೇ!"

"ಮುದ್ರೆ ಬಿದ್ದಿದೆ ಓಡಿಲ್. ಮುದ್ರೆ ಬಿದ್ದಿದ್ದನ್ನ ಹರಿಯೋಕೆ ನನಗೇನು ಅಧಿಕಾರ? ಡಾಕ್ಟ್ರು ಬರೆದದ್ದನ್ನ ಡಾಕ್ಟ್ರೇ ತಿದ್ದಬೇಕು. ನಾಲ್ಕರವರೆಗೆ ಕಾಯ್ತೀನಿ. ನಾಲ್ಕೂ ಒಂದಕ್ಕಲ್ಲ."

ಡಾಕ್ಟರ್ ಸರೋವರದಲ್ಲಿ. ಸರೋವರ ಒಂಬತ್ತು ಮೈಲಿ. ಕಾರು ಅಡೆಲಾರ್‌ನದು, ಓಡಿಸಿದವನೂ ಅವನೇ, ಶಾಲೆಯ ಬಸ್ಸಿನ ವೇಗದಲ್ಲಿ. ಹಳೆಯ ರೈಲು ಹಳಿಯ ಹತ್ತಿರ ಕಾರು ಪೂರ್ತಿ ನಿಂತಿತು. ಅಡೆಲಾರ್ ಬಾಗಿಲು ತೆರೆದು ಎಡಕ್ಕೂ ಬಲಕ್ಕೂ ಕಿವಿಗೊಟ್ಟ.

"ಅಡೆಲಾರ್! ಈ ಹಳಿ ಮೇಲೆ ರೈಲು ನಿಂತು ಇಪ್ಪತ್ತು ವರ್ಷ ಆಯ್ತು! ಅಲ್ಲಿ ಮರ ಬೆಳೆದಿದೆ ನೋಡು!"

"ಗೊತ್ತು. ಶಾಲೆ ಬಸ್ಸು ಹಳಿ ಹತ್ರ ನಿಲ್ಲಲೇಬೇಕು ಅಂತ ನಿಯಮ ಇತ್ತು. ಕೈ ಕೇಳಲ್ಲ." ಬಾಗಿಲು ಮುಚ್ಚಿ ಹೊರಟ. ಹಿಂದಿನ ಸೀಟಿನಲ್ಲಿ ಫಿಲೊಮೆನ್ ನಗು ತಡೆಯಲಾರದೆ ತಲೆಯನ್ನು ಕಿಟಕಿಗೆ ಒತ್ತಿಕೊಂಡಿದ್ದಳು. ತನ್ನ ವಾರವೂ ಇದರಲ್ಲೇ ತೂಗುತ್ತಿದೆ ಎಂದು ನೆನಪಾದಾಗಲೆಲ್ಲ "ಬೇಗ, ಬೇಗ" ಎಂದು ಅವನ ಬೆನ್ನು ತಟ್ಟುತ್ತಿದ್ದಳು.

ಸರೋವರದ ದಂಡೆಗೆ ಬಂದಾಗ ಎರಡು ಐವತ್ತು. ಡಾಕ್ಟರ್ ದೂರದಲ್ಲಿ, ತಾವರೆ ಎಲೆಗಳ ಆಚೆ, ಪುಟ್ಟ ದೋಣಿಯಲ್ಲಿ ಬೆನ್ನು ಹಾಕಿ ಕೂತಿದ್ದ. ಗಾಳಿ ಎದುರಿಗಿತ್ತು. ಓಡಿಲ್ ಕೂಗಿದಳು, ಅಡೆಲಾರ್ ಕೂಗಿದ, ಕಾರಿನ ಹಾರನ್ ಒತ್ತಿದರು. ಅವನು ಅತ್ತಿತ್ತ ನೋಡದೆ ಕೈ ಮಾತ್ರ ಎತ್ತಿ, ಸದ್ದು ಮಾಡಬೇಡಿ, ಮೀನು ಕಚ್ಚುತ್ತಿದೆ ಎಂಬಂತೆ ಆಡಿಸಿದ.

"ಮನುಷ್ಯರ ಮಾತು ಕೇಳ್ತಿಲ್ಲ," ಎಂದಳು ಫಿಲೊಮೆನ್.

ಓಡಿಲ್ ಎರಡೂ ಅಂಗೈ ಬಾಯಿಗೆ ಹಿಡಿದಳು. ಹೊಟ್ಟೆಯ ಆಳದಿಂದ ಎತ್ತಿ, ಮೂಗಿನಲ್ಲಿ ಎಳೆದು, ಕೊನೆಗೆ ಮುರಿದು ಬಿಡುವ ಹೆಣ್ಣು ಮೂಸ್‌ನ ಕೂಗು: ಊ-ಆಂ-ಆಂ-ಆ. ನೀರಿನ ಮೇಲೆ ಅದು ಆಚೆ ದಡಕ್ಕೆ ಹೋಗಿ ತಿರುಗಿ ಬಂತು. ಡಾಕ್ಟರ್ ತಲೆ ಎತ್ತಿದ. ಇನ್ನೂ ಒಬ್ಬರು ತಲೆ ಎತ್ತಿದರು. ದೋಣಿಗೂ ದಡಕ್ಕೂ ನಡುವೆ ನೀರು ಉಬ್ಬಿತು. ಮುಳುಗಿ ತಾವರೆ ಗೆಡ್ಡೆ ಮೇಯುತ್ತಿದ್ದ ಗಂಡು ಮೂಸ್ ಒಂದು, ಕೊಂಬಿನ ತುಂಬ ಬಳ್ಳಿ, ಬಾಯಿ ತುಂಬ ಎಲೆ ಇಟ್ಟುಕೊಂಡು, ಯಾರು ಕರೆದದ್ದು ಎಂದು ಎದ್ದು ನಿಂತಿತು.

"ಅಯ್ಯಯ್ಯೋ ತಾಂತ್!" ಎಂದ ಡಾಕ್ಟರ್ ದೋಣಿಯಲ್ಲಿ ಎದ್ದು ನಿಂತ. ಪುಟ್ಟ ದೋಣಿಯಲ್ಲಿ ಎಂದೂ ಎದ್ದು ನಿಲ್ಲಬಾರದು. ದೋಣಿ ಒಂದು ಕಡೆ ಹೋಯಿತು, ಗಾಳದ ಕೋಲು ಇನ್ನೊಂದು ಕಡೆ, ಡಾಕ್ಟರ್ ನಡುವೆ.

ನೀರು ಎದೆಮಟ್ಟವೇ, ಆದರೆ ಕೆಳಗೆ ಕೆಸರು. ಅವನು ಮುಳುಗಿ ಎದ್ದು ಕೆಮ್ಮುವುದನ್ನು ಕಂಡು ಓಡಿಲ್ ಬೂಟು ಬಿಚ್ಚಲೂ ನಿಲ್ಲದೆ ಓಟ ಕಿತ್ತಳು. ಇನ್ನೂರು ಗಜ ದಂಡೆಗುಂಟ ಓಡಿ ನೀರಿಗೆ ಇಳಿದು, ಕೆಸರಿನಲ್ಲಿ ತೊಡೆಯವರೆಗೆ ಹೂತು, ಹೊರಬಂದು, ಮೂಸ್‌ಗೆ "ಸರಿಯೋ, ದಾರಿ ಬಿಡು!" ಎಂದು ಗದರಿದಳು. ಮೂಸ್‌ಗೆ ಅವಮಾನವಾಗಿರಬೇಕು, ಎಲೆ ಉಗುಳಿ, ನೀರು ಚಿಮ್ಮಿಸುತ್ತಾ ಕಾಡಿಗೆ ಹೋಯಿತು. ಓಡಿಲ್ ಡಾಕ್ಟರನ ಕೊರಳಪಟ್ಟಿ ಹಿಡಿದಳು. ಹಿಂದೆ ಎಷ್ಟೋ ಜನರ ಮೂಸ್‌ಗಳನ್ನು ಎಳೆದ ಕೈ ಅದು. ದಡದವರೆಗೆ ಒಂದೇ ಸಮ ಎಳೆದು ತಂದು ಹುಲ್ಲಿನ ಮೇಲೆ ಹಾಕಿದಳು.

ಅವನು ಮಲಗಿಕೊಂಡೇ ಕೆಮ್ಮಿದ, ಆಕಾಶ ನೋಡಿದ, ಅವಳ ಮಂಡಿ ನೋಡಿದ.

"ಭಾರ ಎಳೆಯಲಾರರು ಅಂತ ಬರೆದಿದ್ದೆ, ಅಲ್ವಾ?"

"ಹೌದು ಮಗ. ಅದನ್ನೇ ತಿದ್ದಿಸ್ಕೊಳೋಕೆ ಬಂದ್ವಿ."

"ಎಂಬತ್ತೆಂಟು ಕಿಲೋ ಇದೀನಿ ತಾಂತ್." ಅವನು ನಗಲು ಶುರುಮಾಡಿ ನಿಲ್ಲಿಸಲಾಗದೆ ಮಗ್ಗುಲಾಗಿ ಹೊರಳಿದ. "ನನ್ನ ಮೀನು! ಇಷ್ಟುದ್ದ ಇತ್ತು!" ಅವನ ಕಾರಿನಲ್ಲಿ ಚೀಟಿ ಪುಸ್ತಕವಿತ್ತು. ಒದ್ದೆ ಕೈಯಿಂದಲೇ ಬರೆದ: ಮರುಪರೀಕ್ಷೆ ಮಾಡಲಾಗಿದೆ, ಹಿಂದಿನದು ತಪ್ಪು, ನಡೆಯಬಲ್ಲರು, ಓಡಬಲ್ಲರು, ಡಾಕ್ಟರನ್ನು ಎಳೆಯಬಲ್ಲರು. ಸಹಿಯ ಮೇಲೆ ಒಂದು ಹನಿ ನೀರು ಬಿದ್ದು ಶಾಯಿ ಹರಡಿತು. "ಲೂಡಿವಿನ್ ಒಪ್ಪಲ್ಲ ಇದನ್ನ," ಎಂದು ಅವನೇ ಹೇಳಿ, ಒದ್ದೆ ಬಟ್ಟೆಯಲ್ಲೇ ಕಾರಿನ ಹಿಂದಿನ ಸೀಟಿನಲ್ಲಿ ಫಿಲೊಮೆನ್ ಪಕ್ಕ ತೂರಿಕೊಂಡ. "ನಾನೇ ಬರ್ತೀನಿ, ನಡೀರಿ."

ಈ ಸಲ ರೈಲು ಹಳಿಯ ಹತ್ತಿರ ಮೂವರೂ ಒಟ್ಟಿಗೆ "ನಿಲ್ಲಿಸ್ಬೇಡ!" ಎಂದು ಚೀರಿದರು. ಅಡೆಲಾರ್ ಕಣ್ಣು ಮುಚ್ಚಿ ದಾಟಿದ. ದಾಟಿದ ಮೇಲೆ ಅವನಿಗೇ ಆಶ್ಚರ್ಯವಾಗಿ, "ದೇವ್ರೇ, ಎಷ್ಟು ಸಲೀಸು!" ಎಂದು ಕೂಗಿ ಇನ್ನೂ ಜೋರಾಗಿ ಓಡಿಸಿದ.

ನಾಲ್ಕಕ್ಕೆ ಏಳು ನಿಮಿಷ ಇರುವಾಗ ನಾಲ್ವರೂ ಕಚೇರಿಯ ಬಾಗಿಲಲ್ಲಿ ಸಿಕ್ಕಿಕೊಂಡರು. ಲೂಡಿವಿನ್ ಚೀಲದ ಬಾಯಿಗೆ ಹುರಿ ಸುತ್ತುತ್ತಿದ್ದಳು. ಒದ್ದೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಓದಿದಳು, ಡಾಕ್ಟರನ ಕಿವಿಯ ಹಿಂದೆ ಅಂಟಿದ್ದ ತಾವರೆ ಎಲೆ ನೋಡಿದಳು.

"ಡಾಕ್ಟ್ರೇ, ಇದು ನಿಮ್ಮ ಸಹಿನೇ?"

"ನನ್ನ ಎದೆ ಮೇಲೆ ಕೈ ಇಟ್ಟು ಹೇಳ್ತೀನಿ."

"ಬೇಡ, ಒದ್ದೆಯಾಗುತ್ತೆ." ಅವಳು ಚೀಲ ಬಿಚ್ಚಿ ಪರವಾನಗಿಯನ್ನೂ ಹಳೆಯ ಕಾಗದವನ್ನೂ ತೆಗೆದು, ಅದಕ್ಕೆ ಹೊಸದನ್ನು ಪಿನ್ನು ಮಾಡಿದಳು. ಅದಲು ಬದಲಿನ ಅರ್ಜಿ ಮುಂದಿಟ್ಟಳು. ಓಡಿಲ್ ಸಹಿ ಹಾಕಿದಳು. ಪೆನ್ನು ಫಿಲೊಮೆನ್ ಕೈಗೆ ಹೋಯಿತು. ಫಿಲೊಮೆನ್ ಅದನ್ನು ಕಾಗದಕ್ಕೆ ಮುಟ್ಟಿಸದೆ ಗಾಳಿಯಲ್ಲಿ ಹಿಡಿದು ಕಾದಳು. ಗಡಿಯಾರದಲ್ಲಿ ಮೂರು ಐವತ್ತಾರು.

ಓಡಿಲ್‌ಳ ಬಾಯಿ ಒಂದು ಸಲ ತೆರೆದು ಮುಚ್ಚಿತು. ಸರೋವರದಿಂದ ಎಂಬತ್ತೆಂಟು ಕಿಲೋ ಎಳೆದದ್ದು ಇದಕ್ಕಿಂತ ಹಗುರವಾಗಿತ್ತು.

"ಲೂಡಿ, ನೀನು ಸಾಕ್ಷಿ," ಎಂದಳು. "ಫಿಲೊಮೆನ್ ನನಗಿಂತ ಚೆನ್ನಾಗಿ ಕೂಗ್ತಾಳೆ. ಅವತ್ತೂ ಚೆನ್ನಾಗಿ ಕೂಗಿದ್ಳು. ನಾನು ಗೆದ್ದಿದ್ದು, ತೀರ್ಪು ಕೊಟ್ಟೋನು ನನ್ನ ಸೋದರಮಾವ ಆಗಿದ್ರಿಂದ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಒಪ್ಪಂದದಲ್ಲಿ ಅದು ಇರಲೂ ಇಲ್ಲ. ಈ ವಾರ ಹೇಳಿದ ಸುಳ್ಳುಗಳೆಲ್ಲ ಸಾಲಾಗಿ ಹೊರಗೆ ಬರುವಾಗ ಅದೂ ಜೊತೆಗೆ ಬಂದುಬಿಟ್ಟಿತು. ಫಿಲೊಮೆನ್‌ಳ ಮುಖ ಕೆಂಪಾಯಿತು. ಅವಳು ಗೆದ್ದವಳಂತೆ ನಗುತ್ತಾಳೆ ಎಂದು ಎಲ್ಲರೂ ನೋಡುತ್ತಿದ್ದರೆ, ಅವಳ ಗದ್ದ ನಡುಗಿತು.

"ಗೊತ್ತಿತ್ತು ನನಗೆ," ಎಂದಳು. "ಆದ್ರೆ ಮಧ್ಯಾಹ್ನ ಕೇಳ್ದೆ ನಿನ್ನ ಕೂಗು. ನಿಜವಾದ ಮೂಸ್ ಎದ್ದು ಬಂತಲ್ಲೇ! ನನಗೆ ಎಂದೂ ಬಂದಿಲ್ಲ." ಪೆನ್ನು ಒತ್ತಿ ಸಹಿ ಹಾಕಿ, "ನಿನ್ನ ವಾರ ನಂದು. ಕೂಗೋಕೆ ಬಂದು ಹೇಳ್ಕೊಡ್ತೀಯಾ?" ಎಂದು ಕಾಗದದ ಕಡೆಗೇ ಮುಖ ಮಾಡಿ ಕೇಳಿದಳು.

"ಆ ವಾರ ತಿಮಿಂಗಿಲದ ಹತ್ರ ಇರ್ತೀನಿ. ಅದಕ್ಕಿಂತ ಮುಂಚೆ, ದಿನಾ ಬೆಳಗ್ಗೆ, ನಿನ್ನ ಹೊಲದಲ್ಲಿ. ಪಕ್ಕದ ಮನೆಯವ್ರು ಊರು ಬಿಡೋವರೆಗೂ."

ಲೂಡಿವಿನ್ ಮುದ್ರೆ ಎತ್ತಿ ಶಾಯಿಗೆ ಒತ್ತಿ, ಗಡಿಯಾರ ನೋಡಿ, ಮೂರು ಐವತ್ತೆಂಟು ಎಂದು ಬರೆದು, ಧಪ್ಪೆಂದು ಹೊಡೆದಳು. ಅಕ್ಟೋಬರ್ ಮೂರನೆಯ ವಾರ, ಓಡಿಲ್ ಸೋಸಿಯೆ. ಮೂಸ್ ನಿದ್ದೆ ಮಾಡುವ ವಾರವೇ ಆಗಲಿ, ಎಬ್ಬಿಸಿದರಾಯಿತು.

ಆಗ ಓಡಿಲ್‌ಳ ಮಂಡಿ ನೋಯಿತು. ಸುಳ್ಳಲ್ಲ, ಪಕ್ಕಾ ನೋವು, ಬಲಗಾಲಿನದೇ. ಅವಳು ಅಯ್ಯೋ ಎಂದು ಗೋಡೆಗೆ ಒರಗಿದಳು. ಯಾರೂ ನಂಬಲಿಲ್ಲ. ಲೂಡಿವಿನ್ "ಸಾಕು ಮಾಡೇ" ಎಂದಳು, ಡಾಕ್ಟರ್ ಎರಡೂ ಕೈ ಎತ್ತಿ "ನಾನಿನ್ನು ಏನೂ ಬರೆಯಲ್ಲ" ಎಂದ. ಅಡೆಲಾರ್ ಮಾತ್ರ ಅವಳ ಮುಖ ನೋಡಿ, ನೆಲದ ಮೇಲೆ ಕೂತು, ಅವಳ ಬೂಟಿನ ದಾರ ಬಿಚ್ಚಿದ. ಬೂಟು ಎಳೆದು ತಲೆಕೆಳಗು ಮಾಡಿದ. ಒಂದು ಲೋಟದಷ್ಟು ಸರೋವರ, ಎರಡು ತಾವರೆ ದಂಟು ಮತ್ತು ಬೆರಳುದ್ದದ ಒಂದು ಮೀನು ಪುರಸಭೆಯ ನೆಲದ ಮೇಲೆ ಬಿದ್ದವು.

"ನೀರು ಹಾಕಿ ಅದಕ್ಕೆ, ನೀರು!" ಎಂದು ಡಾಕ್ಟರ್ ಕೂಗಿದ. ಲೂಡಿವಿನ್ ಹೂವಿನ ಜಾಡಿಗೆ ಓಡಿದಳು, ಫಿಲೊಮೆನ್ ಬಾಗಿಲಿಗೆ ಓಡಿದಳು, ಮೀನು ಕೌಂಟರಿನ ಅಡಿಗೆ ನೆಗೆಯಿತು. ಓಡಿಲ್ ಗೋಡೆಯ ಗುಂಟ ಜಾರಿ ಅಡೆಲಾರ್‌ನ ಪಕ್ಕ ನೆಲಕ್ಕೆ ಕೂತಳು. ನಕ್ಕು ನಕ್ಕು ಅವಳಿಗೆ ಮಾತೇ ಹೊರಡಲಿಲ್ಲ. ಅವನು ಅವಳ ಇನ್ನೊಂದು ಬೂಟಿನ ದಾರ ಬಿಚ್ಚುತ್ತಿದ್ದ.